ಐನೂರು ಮಿಲಿಸೆಕೆಂಡು

ಕೂರ್ಗಳ್ಳಿಯ ಶೆಡ್ಡಿನಲ್ಲಿ ಮಧ್ಯಾಹ್ನದ ಪಾಳಿ ನನಗಾಗಿ ನಿಂತಿದೆ.
ನೂರು ಟನ್ನಿನ ಪ್ರೆಸ್ಸು
ಬಾಯಿ ತೆರೆದುಕೊಂಡೇ ತೂಕಡಿಸುತ್ತಿದೆ.
ಸ್ಟೂಲಿನ ಮೇಲೆ ಲ್ಯಾಪ್‌ಟಾಪು, ಅದರಡಿ ನಿನ್ನೆಯ ಪೇಪರು,
ಪೇಪರಿನ ಮೇಲೆ ಯಾರದೋ ಚಿತ್ರಾನ್ನದ ಅರಿಶಿನ.

ಕಂಟ್ರೋಲರು ಅಂಗೈಯಷ್ಟಗಲದ ಹಳದಿ ಡಬ್ಬಿ.
ಅದಕ್ಕೆ ಹದಿನಾರು ಕಿವಿ.
ಒಂದೊಂದು ಕಿವಿಗೂ ನಾನೀಗ ಹೇಳಿಕೊಡಬೇಕು
ಯಾರ ಮಾತು ಕೇಳಬೇಕು, ಎಷ್ಟು ಹೊತ್ತು ಕಾಯಬೇಕು,
ಯಾವಾಗ ಯಾರನ್ನೂ ನಂಬಬಾರದು.

ಮೊದಲು ಎಮರ್ಜೆನ್ಸಿ ಸ್ಟಾಪು.
ಕೆಂಪು ಅಣಬೆಗೆ ಎರಡು ಚಾನೆಲ್ಲು, ಎರಡು ಸಾಕ್ಷಿ.
ಇಬ್ಬರೂ ಬಿಡದೆ ‘ಇದ್ದೀನಿ, ಇದ್ದೀನಿ’ ಅನ್ನುತ್ತಿರಬೇಕು.
ಒಬ್ಬ ಸುಮ್ಮನಾದರೂ ಪ್ರೆಸ್ಸು ನಿಲ್ಲಬೇಕು:
ಇಲಿ ಕಡಿದಿರಲಿ, ಸ್ಕ್ರೂ ಸಡಿಲವಾಗಿರಲಿ,
ಯಾರೋ ಕಿರುಚಿಕೊಂಡು ಗುದ್ದಿರಲಿ,
ಮೌನಕ್ಕೆ ಇಲ್ಲಿ ಒಂದೇ ಅರ್ಥ.

‘ನಮ್ಮನೆಯೋಳ ಮಿಸ್ಡ್ ಕಾಲ್ ಇದ್ದಂಗೆ ಕಣವ್ವ,’
ಅಂದರು ಜವರಯ್ಯ, ಬೀಡಿ ಹಚ್ಚದೆ ಬೆರಳಲ್ಲೇ ಉರುಳಿಸುತ್ತ.
‘ಗಾರ್ಮೆಂಟ್ಸ್ ಬಸ್ ಇಳಿದೇಟ್ಗೆ ಒಂದ್ ಕೊಡ್ತಾಳೆ.
ನಾನು ಎತ್ತಕ್ಕಿಲ್ಲ.
ಬರ್ನಿಲ್ಲ ಅಂದ್ರೆ ಮಾತ್ರ ಎದ್ದು ಓಡ್ತೀನಿ.’

ಎರಡು ದಿನದ ತರಬೇತಿಯಲ್ಲಿ
ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ ನನಗೆ.

ಬೆಳಕಿನ ಪರದೆ ಸೇರಿಸಿದೆ. ಹಿಂಬಾಗಿಲು ಸೇರಿಸಿದೆ.
ರೀಸೆಟ್ಟಿಗೆ ಹೇಳಿದೆ: ನೀನು ಒಪ್ಪಿಗೆ ಅಷ್ಟೇ, ಅಪ್ಪಣೆಯಲ್ಲ;
ಒತ್ತಿದಾಗಲ್ಲ, ಒತ್ತಿ ಬಿಟ್ಟಾಗ ಮಾತ್ರ ನಿನ್ನ ಲೆಕ್ಕ.

ಕೊನೆಗೆ ಎರಡು ಕೈ.
ಎಡಗುಂಡಿ, ಬಲಗುಂಡಿ, ನಡುವೆ ಒಂದು ಮೊಳಕ್ಕಿಂತ ಹೆಚ್ಚು.
ಎರಡೂ ಐನೂರು ಮಿಲಿಸೆಕೆಂಡಿನೊಳಗೆ ಒತ್ತಿದರಷ್ಟೇ
ಪ್ರೆಸ್ಸು ಇಳಿಯುತ್ತದೆ.

ಜವರಯ್ಯ ಒತ್ತಿದರು. ಇಳಿಯಲಿಲ್ಲ.
ಎಡಗೈ ತಡ: ಆರುನೂರ ಹತ್ತು.
ಮತ್ತೆ. ಐನೂರ ಎಂಬತ್ತು.
ಮತ್ತೆ. ಏಳುನೂರು.

‘ವಯಸ್ಸಾಯ್ತು ಮೇಡಂ ಅವ್ರಿಗೆ,’ ಅಂದ ಸೂಪರ್‌ವೈಸರ್ ಬಸವಣ್ಯ,
‘ಒಂದು ಸಾವಿರ ಮಾಡ್ಬಿಡಿ, ಯಾರು ನೋಡ್ತಾರೆ?’
ಆ ಸಂಖ್ಯೆ ಪರದೆಯ ಮೇಲೆ ಬೂದುಬಣ್ಣಕ್ಕಿದೆ.
ಒತ್ತಿದರೂ ತೆರೆಯುವುದಿಲ್ಲ. ಯಾರೋ ನನಗಿಂತ ಮೊದಲೇ
ಈ ಪ್ರಶ್ನೆ ಕೇಳಿಸಿಕೊಂಡು ಬೀಗ ಹಾಕಿ ಹೋಗಿದ್ದಾರೆ.

ಎಡಗುಂಡಿಯ ಹಳೆಯ ಬಳೆ ಬಿಚ್ಚಿ ನೋಡಿದೆ.
ಅಂಚಿನಲ್ಲೊಂದು ಸವೆದ ಗೀರು,
ನಯವಾದ, ಅರ್ಧಚಂದ್ರದಂಥ ಗೀರು.
‘ಇದೇನು ಜವರಯ್ಯ?’

ತುಂಬಾ ಹೊತ್ತು ಮಾತಿಲ್ಲ.
ಆಮೇಲೆ ಪ್ಯಾನೆಲ್ಲಿನ ಹಿಂದೆ ಕೈಹಾಕಿ
ಇಪ್ಪತ್ತೈದು ಪೈಸೆಯ ನಾಣ್ಯ ತೆಗೆದುಕೊಟ್ಟರು.

ಸಿಕ್ಕಿಸಿಬಿಟ್ಟರೆ ಎಡಗುಂಡಿ ಒತ್ತಿಕೊಂಡೇ ಇರುತ್ತಿತ್ತಂತೆ.
ಬಲಗೈ ಒಂದೇ ಸಾಕಾಗುತ್ತಿತ್ತಂತೆ.
ಪೀಸಿನ ಲೆಕ್ಕ ಮುಗಿಯಬೇಕಲ್ಲ.
ಹತ್ತೊಂಬತ್ತು ವರ್ಷ.
ಹಾಗಾದರೆ ಎಡಗೈ?
ಅವರು ನೋಡಿದ ಕಡೆ ನಾನೂ ನೋಡಿದೆ:
ಪ್ರೆಸ್ಸಿನ ಬಾಯೊಳಗೆ, ಡೈಯ ಕೆಳಗೆ,
ಬಿಸಿ ತಗಡು ಎಳೆದುಕೊಳ್ಳುವ ಜಾಗ.

ಐದೂ ಬೆರಳು ಎಣಿಸಿದೆ. ಅವರೂ ಎಣಿಸಿಕೊಂಡರು.

ಆ ಕೈಗೆ ವಯಸ್ಸಾಗಿಲ್ಲ ಬಸವಣ್ಯ,
ಗುಂಡಿಯ ಕೆಲಸ ಅದಕ್ಕೆ ಇವತ್ತೇ ಮೊದಲು.

‘ಒಂದು ಚಪ್ಪಾಳೆ ತಟ್ಟಿ,’ ಅಂದೆ.
ನಾಚಿದರು. ತಟ್ಟಿದರು.
ತಗಡಿನ ಮಾಡಿನಿಂದ ಪಾರಿವಾಳ ಎದ್ದವು.
‘ನೋಡಿ, ಯಾವ ಕೈ ತಡ?’
ಇನ್ನೊಂದು ತಟ್ಟಿದರು, ನಾನು ಹೇಳದೆಯೇ.
ಆಮೇಲೆ ಗುಂಡಿ: ಮುನ್ನೂರು. ನೂರ ತೊಂಬತ್ತು.
ಎಂಬತ್ತು.
ಪ್ರೆಸ್ಸು ಇಳಿಯಿತು, ನೆಲ ಒಮ್ಮೆ ಅದುರಿತು,
ಚಿತ್ರಾನ್ನದ ಪೇಪರು ಜಾರಿ ಬಿತ್ತು.

ನಾಣ್ಯ ನನ್ನ ಟೂಲ್‌ಬ್ಯಾಗಿನಲ್ಲಿದೆ.
ಊರಲ್ಲಿ ಚಲಾವಣೆ ನಿಂತು ಎಷ್ಟೋ ವರ್ಷ,
ಆ ಶೆಡ್ಡಿನಲ್ಲಿ ಮಾತ್ರ ನಿನ್ನೆವರೆಗೂ ನಡೆಯುತ್ತಿತ್ತು.
ಈಗ ಯಾವ ಕಾರ್ಖಾನೆಗೆ ಹೋದರೂ
ಸಹಿ ಹಾಕುವ ಮುಂಚೆ
ಅದನ್ನು ಎಡಗುಂಡಿಗೆ ಸಿಕ್ಕಿಸಿ ಬಲಗುಂಡಿ ಒತ್ತುತ್ತೇನೆ.
ಏನೂ ಆಗಬಾರದು.
ಏನೂ ಆಗುವುದಿಲ್ಲ.
ಸಮಯ ನೋಡಿ ಬರೆದುಕೊಳ್ಳುತ್ತೇನೆ.